ಮಾಂಕ್ಸ್: ಕಳೆದು ಕಟ್ಟಿದ ಸಂಗೀತ

ಕಲೆಯಲ್ಲಿ ಹೊಸತನವೆಂಬುದು ಏನನ್ನಾದರೂ ಸೇರಿಸುವುದರಿಂದಲೇ ಬರುವುದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದ್ದುದನ್ನು ಕಳೆದೂ ಹೊಸದನ್ನು ಕಟ್ಟಬಹುದೆಂಬುದಕ್ಕೆ, 1960ರ ದಶಕದ ಪಶ್ಚಿಮ ಜರ್ಮನಿಯಲ್ಲಿ ಹುಟ್ಟಿ ಅಲ್ಲಿಯೇ ಮರೆಯಾದ ‘ಮಾಂಕ್ಸ್’ ಎಂಬ ರಾಕ್ ಅಂಡ್ ರೋಲ್ ತಂಡದ ಕಥೆ ಒಂದು ನಿದರ್ಶನ. ಮಾಂಕ್ಸ್ ಎಂದರೆ ಕ್ರೈಸ್ತ ಸಂನ್ಯಾಸಿಗಳು. ಆದರೆ ಈ ಐವರು ಸಂನ್ಯಾಸಿಗಳೂ ಅಲ್ಲ, ಜರ್ಮನರೂ ಅಲ್ಲ. ಫ್ರಾಂಕ್‌ಫರ್ಟಿಗೆ ಸಮೀಪದ ಗೆಲ್ನ್‌ಹೌಸೆನ್ ಎಂಬ ಊರಿನ ನೆಲೆಯಲ್ಲಿದ್ದ ಅಮೆರಿಕದ ಸೈನಿಕರು.

ಗ್ಯಾರಿ ಬರ್ಗರ್ ಗಿಟಾರ್ ನುಡಿಸುತ್ತ ಹಾಡುವವರು. ಲ್ಯಾರಿ ಕ್ಲಾರ್ಕರದು ಆರ್ಗನ್, ಡೇವ್ ಡೇ ಅವರದು ಗಿಟಾರ್, ಎಡ್ಡಿ ಷಾ ಅವರದು ಬೇಸ್, ರೋಜರ್ ಜಾನ್‌ಸ್ಟನ್ನರದು ಡ್ರಮ್. ಮೊದಲು ಇವರು ‘ಟಾರ್ಕೀಸ್’ ಎಂಬ ಹೆಸರಿನಿಂದ, ಜನ ಕೇಳಿದ ಹಾಡುಗಳನ್ನೇ ನುಡಿಸುತ್ತಿದ್ದರು. ಸೇನಾ ಸೇವೆ ಮುಗಿದ ಮೇಲೆ ಸ್ವದೇಶಕ್ಕೆ ಮರಳದೆ ಜರ್ಮನಿಯ ಕ್ಲಬ್ಬುಗಳಲ್ಲಿಯೇ ಉಳಿದರು. ಹ್ಯಾಂಬರ್ಗ್ ನಗರದ ಇಂಥ ಕ್ಲಬ್ಬುಗಳಲ್ಲಿ ಪಳಗಿದ ಬೀಟಲ್ಸ್ ಆ ವೇಳೆಗೆ ಜಗದ್ವಿಖ್ಯಾತರಾಗಿದ್ದರು. ಅವರ ಜಾಡಿನಲ್ಲಿ ನಡೆದಿದ್ದರೆ ಅನ್ನಕ್ಕೆ ಚಿಂತೆಯಿರಲಿಲ್ಲ.

ಇವರು ಆ ಜಾಡನ್ನು ಬಿಟ್ಟರು. 1965ರಲ್ಲಿ ಕಾರ್ಲ್ ರೆಮಿ, ವಾಲ್ಟರ್ ನೀಮನ್ ಎಂಬ ಇಬ್ಬರು ಜರ್ಮನ್ ವ್ಯವಸ್ಥಾಪಕರ ಪ್ರೇರಣೆಯಿಂದ ತಂಡದ ರೂಪವೇ ಬದಲಾಯಿತು. ಯುವಕರೆಲ್ಲ ಬೀಟಲ್ಸ್‌ರಂತೆ ಕೂದಲು ಬೆಳೆಸುತ್ತಿದ್ದಾಗ ಇವರು ನಡುನೆತ್ತಿಯನ್ನು ಬೋಳಿಸಿಕೊಂಡರು. ಕಪ್ಪುಡುಗೆ ತೊಟ್ಟು, ಕೊರಳಪಟ್ಟಿಗೆ ಬದಲಾಗಿ ಹಗ್ಗವನ್ನು ಕಟ್ಟಿಕೊಂಡರು. ವೇಷಕ್ಕಿಂತ ಮಹತ್ವದ್ದು ನಾದದಲ್ಲಾದ ಮಾರ್ಪಾಟು. ಡೇವ್ ಡೇ ಗಿಟಾರನ್ನು ತೊರೆದು, ಧ್ವನಿವರ್ಧಕಕ್ಕೆ ಜೋಡಿಸಿದ ಬ್ಯಾಂಜೊ ಹಿಡಿದರು. ಅದರಿಂದ ಹೊರಟದ್ದು ಇಂಪಲ್ಲ, ಗರಗರನೆಯ ತಾಳ. ಡ್ರಮ್ಮಿನಲ್ಲಿ ಕಂಚಿನ ತಟ್ಟೆಗಳ ಝಣತ್ಕಾರ ತಗ್ಗಿ, ಚರ್ಮವಾದ್ಯದ ಪೆಟ್ಟೇ ಪ್ರಧಾನವಾಯಿತು. ಗಿಟಾರು ಧ್ವನಿವರ್ಧಕದ ಬಳಿ ಬಂದಾಗ ಏಳುವ ಕರ್ಕಶ ಕೂಗನ್ನು ಇತರರು ದೋಷವೆಂದು ಅಡಗಿಸುತ್ತಿದ್ದರೆ, ಇವರು ಅದನ್ನೂ ಸಂಗೀತದೊಳಗೆ ಸೇರಿಸಿಕೊಂಡರು. ಸಾಹಿತ್ಯವೂ ಕೆಲವೇ ಪದಗಳಿಗೆ ಇಳಿಯಿತು.

1966ರಲ್ಲಿ ಪಾಲಿಡಾರ್ ಸಂಸ್ಥೆ ಇವರ ‘ಬ್ಲಾಕ್ ಮಾಂಕ್ ಟೈಮ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರ ಮೊದಲ ಹಾಡಿನಲ್ಲಿಯೇ ಸೈನ್ಯದ ಬಗೆಗೂ ವಿಯಟ್ನಾಂ ಯುದ್ಧದ ಬಗೆಗೂ ಮುಚ್ಚುಮರೆಯಿಲ್ಲದ ಅಸಮ್ಮತಿಯಿತ್ತು. ಸಮವಸ್ತ್ರ ಕಳಚಿ ಹೆಚ್ಚು ಕಾಲವಾಗದಿದ್ದವರ ಬಾಯಿಂದ ಬಂದ ಮಾತೆಂಬುದರಿಂದ ಅದಕ್ಕೊಂದು ವಿಶೇಷ ತೂಕವುಂಟು. ಅಮೆರಿಕದಲ್ಲಿ ಆ ಮುದ್ರಿಕೆ ಆಗ ಬಿಡುಗಡೆಯಾಗಲೇ ಇಲ್ಲ. ಜರ್ಮನಿಯಲ್ಲಿಯೂ ಹೆಚ್ಚು ಮಾರಾಟವಾಗಲಿಲ್ಲ. ಅನಂತರದ ಕಿರುಮುದ್ರಿಕೆಗಳಲ್ಲಿ ತಂಡ ತನ್ನ ಬಿರುಸನ್ನು ತಗ್ಗಿಸಿ ಮೃದುವಾದ ಹಾಡುಗಳಿಗೆ ಒಲಿಯಿತು. ಆ ರಾಜಿಯೂ ಫಲಿಸಲಿಲ್ಲ. ಹಿಂದಿನ ಒರಟುತನವೂ ಉಳಿಯದೆ, ಹೊಸ ಅಭಿಮಾನಿಗಳೂ ದೊರೆಯದೆ, 1967ರಲ್ಲಿ ತಂಡ ಮುರಿಯಿತು. ವಿಯಟ್ನಾಮಿಗೂ ಹೋಗಬೇಕಾಗಿದ್ದ ಏಷ್ಯಾ ಪ್ರವಾಸ ಆಗ ಎದುರಿಗಿತ್ತು. ಅದು ನಡೆಯಲೇ ಇಲ್ಲ.

ಐವರೂ ಅಮೆರಿಕಕ್ಕೆ ಮರಳಿ ಸಾಮಾನ್ಯ ಬದುಕಿನಲ್ಲಿ ಬೆರೆತುಹೋದರು. ಇತ್ತ ರಾಕ್ ಸಂಗೀತ 1970ರ ದಶಕದಲ್ಲಿ ಪಂಕ್ ಎಂಬ ಹೆಸರಿನಿಂದ ಒರಟುತನವನ್ನೇ ಗುಣವೆಂದು ಒಪ್ಪಿಕೊಂಡಿತು. ಹಳೆಯ ಮುದ್ರಿಕೆಗೆ ಕ್ರಮೇಣ ಹೊಸ ಕಿವಿಗಳು ದೊರೆತವು. 1990ರ ದಶಕದಲ್ಲಿ ಅದು ಅಮೆರಿಕದಲ್ಲಿಯೂ ಪ್ರಕಟವಾಯಿತು. 1999ರಲ್ಲಿ ಐವರೂ ನ್ಯೂಯಾರ್ಕಿನಲ್ಲಿ ಮತ್ತೆ ಒಂದೇ ವೇದಿಕೆಯೇರಿದರು. 2004ರಲ್ಲಿ ಜಾನ್‌ಸ್ಟನ್, 2008ರಲ್ಲಿ ಡೇ, 2014ರಲ್ಲಿ ಬರ್ಗರ್ ಕಾಲವಾದರು.

ತಡವಾಗಿ ಬಂದ ಈ ಮನ್ನಣೆಯನ್ನು ನ್ಯಾಯವೆಂದು ಕರೆದು ಸಮಾಧಾನಪಡುವುದು ಸುಲಭ. ಆದರೆ ಮೆಚ್ಚುಗೆ ಬೇಕಾಗಿದ್ದಾಗ ಅದು ಬಂದಿದ್ದರೆ ಆ ಐವರು ಇನ್ನೇನನ್ನು ಕಟ್ಟುತ್ತಿದ್ದರೆಂಬ ಪ್ರಶ್ನೆಗೆ ಯಾವ ಮರುಮುದ್ರಣವೂ ಉತ್ತರ ಕೊಡಲಾರದು. ರಾಜಿಗೆ ಮುಂಚಿನ ಅವರ ಧೈರ್ಯಕ್ಕೆ ಸಾಕ್ಷಿಯಾಗಿ ಉಳಿದಿರುವುದು ಹನ್ನೆರಡು ಹಾಡುಗಳ ಆ ಒಂದು ಮುದ್ರಿಕೆ.