ಕಲ್ಲು ಇದ್ದಲ್ಲಿಯೇ ಸಾಕ್ಷಿ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂದು ಮಕ್ಕಳು ಶಾಲೆಯ ಪುಸ್ತಕದಲ್ಲಿ ಓದುತ್ತಾರೆ. “ಅಷ್ಟು ವರ್ಷಗಳ ಹಿಂದೆ ಯಾರಿದ್ದರು ಅಜ್ಜಾ, ಎಣಿಸಿದವರು ಯಾರು?” ಎಂದು ಅವರು ಮನೆಗೆ ಬಂದು ಕೇಳಿದರೆ, “ತಿಳಿದವರು ಹೇಳಿದ್ದಾರೆ, ನಂಬು” ಎಂದು ಹಿರಿಯರು ಸುಮ್ಮನಾಗಿಸುವುದುಂಟು. ಅದು ತಕ್ಕ ಉತ್ತರವಲ್ಲ. ಆಗ ಎಣಿಸುವವರು ಯಾರೂ ಇರಲಿಲ್ಲವೆಂಬುದು ನಿಜ. ಆದರೆ ಸಾಕ್ಷಿ ಉಳಿದಿದೆ. ನಮ್ಮ ಕಾಲ ಕೆಳಗಿನ ಕಲ್ಲೇ ಆ ಸಾಕ್ಷಿ. ಅದನ್ನು ಓದುವ ಕ್ರಮ ತಿಳಿದರೆ, ಬೀದರದಿಂದ ಬೆಂಗಳೂರಿನವರೆಗಿನ ನಮ್ಮ ನಾಡೇ ಒಂದು ಮಹಾಗ್ರಂಥವಾಗಿ ತೆರೆದುಕೊಳ್ಳುತ್ತದೆ.

ತಾಳೆಗರಿಯ ಕಟ್ಟೊಂದರ ದಾರ ಹರಿದು ಗರಿಗಳು ಚದುರಿದಾಗ, ಗ್ರಂಥಸಂಪಾದಕನು ಮೊದಲು ಮಾಡುವ ಕೆಲಸವೆಂದರೆ ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ನಿಶ್ಚಯಿಸುವುದು. ಭೂಗ್ರಂಥಕ್ಕೂ ಇದೇ ಮೊದಲ ಮೆಟ್ಟಿಲು. 1669ರಲ್ಲಿ ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ ಎಂಬ ವಿದ್ವಾಂಸನು ಒಂದು ಸರಳ ನಿಯಮವನ್ನು ನಿರೂಪಿಸಿದನು. ಮರಳು, ಕೆಸರುಗಳು ನೀರಿನ ತಳದಲ್ಲಿ ಪದರ ಪದರವಾಗಿ, ಸಮತಟ್ಟಾಗಿ ಕೂಡುತ್ತವೆ. ಆದಕಾರಣ ಕದಲದೆ ಇರುವ ಪದರಗಳಲ್ಲಿ ಕೆಳಗಿನದು ಹಿರಿಯದು, ಮೇಲಿನದು ಕಿರಿಯದು. ಹಗೇವಿನಲ್ಲಿ ಮೊದಲು ಸುರಿದ ಜೋಳ ತಳದಲ್ಲಿಯೂ, ಕಡೆಗೆ ಸುರಿದದ್ದು ಮೇಲೆಯೂ ಇರುವಂತೆ ಇದು. ಇಂದಿನ ಭೂವಿಜ್ಞಾನದ ಮಹಾಸೌಧವು ಈ ಸರಳ ನಿಯಮದ ಅಡಿಗಲ್ಲಿನ ಮೇಲೆಯೇ ನಿಂತಿದೆ.

ಈ ನಿಯಮವನ್ನು ಹಿಡಿದು ನಮ್ಮ ಉತ್ತರದ ಜಿಲ್ಲೆಗಳನ್ನು ನೋಡೋಣ. ಬೀದರದ ಕೋಟೆ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಅದರ ಕೆಳಗೆ ಇರುವುದು ಕರಿಯ ಬಸಾಲ್ಟ್ ಕಲ್ಲು. ವಿಜಯಪುರದ ಗೋಳಗುಮ್ಮಟವನ್ನು ಕಟ್ಟಿದ್ದು ಈ ಬಗೆಯ ಕಲ್ಲಿನಿಂದಲೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸವು ಮತ್ತೆ ಮತ್ತೆ ಹರಿದು ಆರಿ ಈ ಕಲ್ಲಾಯಿತು. ಕಾಲಾಂತರದಲ್ಲಿ ಇದು ಸವೆದು ನಮ್ಮ ಎರೆಭೂಮಿಯಾಯಿತು. ಲಾವಾ ಪದರಗಳ ನಡುನಡುವೆ ಕೆಂಪು ಮಣ್ಣಿನ ತೆಳು ಪಟ್ಟಿಗಳು ಕಾಣುತ್ತವೆ. ಒಂದು ಪ್ರವಾಹಕ್ಕೂ ಮತ್ತೊಂದಕ್ಕೂ ನಡುವೆ ಕಲ್ಲು ಮಳೆಗಾಳಿಗೆ ಸಿಕ್ಕಿ ಮಣ್ಣಾಗುವಷ್ಟು ಕಾಲ ಸಂದಿತ್ತೆಂಬುದಕ್ಕೆ ಅವು ಗುರುತು. ಗುರುಮಠಕಲ್ಲಿನ ಸುತ್ತಿನಲ್ಲಿ ಇಂತಹ ಎರಡು ಲಾವಾ ಪದರಗಳ ನಡುವೆ ಸಿಹಿನೀರಿನ ಸಣ್ಣ ಜೀವಿಗಳ ಪಳೆಯುಳಿಕೆಗಳು ದೊರೆತಿವೆ. ಬೆಂಕಿಯ ಎರಡು ಹೊಳೆಗಳ ನಡುವಣ ಬಿಡುವಿನಲ್ಲಿ ಅಲ್ಲಿ ಕೆರೆಕುಂಟೆಗಳಿದ್ದವು, ಅವುಗಳಲ್ಲಿ ಜೀವ ಮಿಸುಕುತ್ತಿತ್ತು ಎಂದು ಇದರಿಂದ ತಿಳಿಯುತ್ತದೆ.

ಕಲಬುರಗಿಯ ಕಡೆ ಈ ಬಸಾಲ್ಟಿನ ಕೆಳಗೆ ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿದೆ. ಅದು ಪುರಾತನ ಸಮುದ್ರದ ತಳದಲ್ಲಿ ಕೂಡಿದ ಸುಣ್ಣಕಲ್ಲು. ಅದಕ್ಕೂ ಕೆಳಗಿನ ಅಡಿಪಾಯ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಒಂದೇ ಪ್ರದೇಶದಲ್ಲಿ ಮೊದಲು ಆಳದ ಬೆಂಕಿ, ಅನಂತರ ಸಮುದ್ರ, ಬಳಿಕ ಲಾವಾ, ಕಡೆಗೆ ರೈತನ ಹೊಲ. ಇಷ್ಟನ್ನು ಹೇಳಲು ಯಾವ ಯಂತ್ರವೂ ಬೇಕಿಲ್ಲ. ಮೇಲೆ ಕೆಳಗೆ ನೋಡುವ ಕಣ್ಣಿದ್ದರೆ ಸಾಕು.

ಗ್ರಂಥದಲ್ಲಿ ಲುಪ್ತವಾದ ಗರಿಗಳೂ ಇರುತ್ತವೆ. ಅವು ಲುಪ್ತವಾಗಿವೆ ಎಂದು ಗುರುತಿಸುವುದೂ ಒಂದು ಜ್ಞಾನವೇ. ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಮರಳುಗಲ್ಲು ಹೆಚ್ಚುಕಡಿಮೆ ಮಟ್ಟಸವಾಗಿ ಮಲಗಿದೆ. ಹಳ್ಳದ ಮರಳಿನ ಮೇಲೆ ನೀರು ಮೂಡಿಸುವ ಅಲೆಗೆರೆಗಳಂಥವೇ ಅದರ ಮೈಮೇಲೆ ಕಲ್ಲಾಗಿ ನಿಂತಿವೆ. ಆದರೆ ಅದಕ್ಕಿಂತ ಹಳೆಯದಾದ ಬಾಗಲಕೋಟೆ ಸಮೂಹದ ಶಿಲಾಪದರಗಳು ಮಡಿಸಿ ಓರೆಯಾಗಿ ನಿಂತಿವೆ. ಓರೆಯಾದ ಪದರಗಳ ತಲೆ ಸವೆದುಹೋಗಿ, ಅದರ ಮೇಲೆ ಬಾದಾಮಿಯ ಮರಳುಗಲ್ಲು ಹಾಸಿಕೊಂಡಿದೆ. ಎಂದರೆ ಹಳೆಯ ಪದರಗಳು ಮೊದಲು ಕೂಡಿ ಕಲ್ಲಾದವು. ಭೂಮಿಯ ಒತ್ತಡಕ್ಕೆ ಮಡಿಸಿ ಮೇಲೆದ್ದವು. ಬೆಟ್ಟವಾಗಿ ನಿಂತು ಮಳೆಗಾಳಿಗೆ ಸವೆದವು. ಮತ್ತೆ ಅವುಗಳ ಮೇಲೆ ನೀರು ಮರಳನ್ನು ಹಾಸಿತು. ಎರಡು ಪದರಗಳ ನಡುವಣ ಒಂದು ಗೆರೆಯಲ್ಲಿ ಇಷ್ಟೊಂದು ಕಾಲ ಅಡಗಿದೆ. 1788ರಲ್ಲಿ ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟ್ ಎಂಬ ಕಡಲತಡಿಯಲ್ಲಿ ಇಂಥದೇ ಗೆರೆಯನ್ನು ಕಂಡ ಜೇಮ್ಸ್ ಹಟನ್, ಭೂಮಿಯ ಕಾಲವನ್ನು ಸಾವಿರಗಳಲ್ಲಿ ಎಣಿಸುವುದು ಸಾಲದೆಂಬ ತನ್ನ ಮತಕ್ಕೆ ಅದನ್ನು ಪುರಾವೆಯಾಗಿ ಹಿಡಿದನು.

ಒಂದು ಊರಿನ ಪದರಕ್ಕೂ ನೂರಾರು ಹರದಾರಿ ದೂರದ ಮತ್ತೊಂದು ಊರಿನ ಪದರಕ್ಕೂ ಸಂಬಂಧ ಕಲ್ಪಿಸುವುದು ಹೇಗೆ? ಇಲ್ಲಿ ನೆರವಾಗುವುದು ಪಳೆಯುಳಿಕೆ. ಸತ್ತ ಪ್ರಾಣಿಯ ಚಿಪ್ಪು, ಎಲುಬು, ಎಲೆಯ ಅಚ್ಚು ಕೆಸರಿನಲ್ಲಿ ಹೂತು, ಖನಿಜಗಳು ಒಳಸೇರಿ ಕಲ್ಲಾದದ್ದೇ ಪಳೆಯುಳಿಕೆ. ಇಂಗ್ಲೆಂಡಿನಲ್ಲಿ ಕಾಲುವೆಗಳ ಅಳತೆಯ ಕೆಲಸದಲ್ಲಿದ್ದ ವಿಲಿಯಂ ಸ್ಮಿತ್, ಪ್ರತಿಯೊಂದು ಪದರಕ್ಕೂ ಅದರದೇ ಆದ ಪಳೆಯುಳಿಕೆಗಳಿವೆ, ಅವು ಎಲ್ಲೆಡೆಯೂ ಒಂದೇ ಅನುಕ್ರಮದಲ್ಲಿ ಬರುತ್ತವೆ ಎಂಬುದನ್ನು ಗಮನಿಸಿ, 1815ರಲ್ಲಿ ಆ ದೇಶದ ಭೂವೈಜ್ಞಾನಿಕ ನಕ್ಷೆಯನ್ನು ಪ್ರಕಟಿಸಿದನು. ತಮಿಳುನಾಡಿನ ಅರಿಯಲೂರಿನ ಸುತ್ತ ಚಕ್ಕುಲಿಯಂತೆ ಸುರುಳಿ ಸುತ್ತಿದ ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪುಗಳು ದೊರೆಯುತ್ತವೆ. ಇಂದು ಹೊಲಗದ್ದೆಗಳಿರುವ ಆ ನೆಲವನ್ನು ಒಮ್ಮೆ ಸಮುದ್ರ ಆವರಿಸಿತ್ತೆಂಬುದನ್ನು ಅವು ಹೇಳುತ್ತವೆ. ಡೈನೊಸಾರ್‌ಗಳು ಅಳಿದ ಕಾಲದಲ್ಲಿಯೇ ಅಮ್ಮೊನೈಟ್‌ಗಳ ವಂಶವೂ ಮುಗಿಯಿತು. ಆದುದರಿಂದ ಆ ಚಿಪ್ಪು ತನ್ನ ಪದರದಲ್ಲಿಯೇ ಇದ್ದರೆ, ಆ ಪದರ ಅದಕ್ಕಿಂತ ಈಚಿನದಲ್ಲ.

ಮೌನವೂ ಇಲ್ಲಿ ಮಾತಾಗುತ್ತದೆ. ಬಾಗಲಕೋಟೆ ಸೀಮೆಯ ಸುಣ್ಣಕಲ್ಲನ್ನು ಎಷ್ಟು ಸೀಳಿದರೂ ಎಲುಬಾಗಲಿ ಚಿಪ್ಪಾಗಲಿ ಸಿಗುವುದಿಲ್ಲ. ಚಿಪ್ಪು ಎಲುಬುಗಳುಳ್ಳ ಪ್ರಾಣಿಗಳು ಲೋಕದಲ್ಲಿ ಹುಟ್ಟುವುದಕ್ಕೂ ಬಹು ಹಿಂದಿನ ಕಲ್ಲು ಅದು. ಆದರೆ ಅದು ಪೂರ್ಣ ನಿರ್ಜೀವವೂ ಅಲ್ಲ. ಈರುಳ್ಳಿಯನ್ನು ಕೊಯ್ದಾಗ ಕಾಣುವ ಸುತ್ತುಗಳಂಥ ಗುರುತುಗಳು ಅದರಲ್ಲಿ ಕೆಲವೆಡೆ ಇವೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಬೆಳೆದು ಕಟ್ಟಿದ ಈ ರಚನೆಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ನಾವು ಉಸಿರಾಡುವ ಆಮ್ಲಜನಕವನ್ನು ಭೂಮಂಡಲದಲ್ಲಿ ಮೊದಲು ತುಂಬಿದ್ದು ಇಂತಹ ಜೀವಿಗಳ ಕುಲವೇ. ಸಂಡೂರಿನ ಪಟ್ಟೆಪಟ್ಟೆಯಾದ ಕಬ್ಬಿಣದ ಕಲ್ಲು ಇನ್ನೂ ಪುರಾತನವಾದುದು, 250 ಕೋಟಿ ವರ್ಷಗಳಿಗೂ ಹಿಂದಿನದು. ಆದಿಸಮುದ್ರದಲ್ಲಿ ಕರಗಿದ್ದ ಕಬ್ಬಿಣವು ಗಟ್ಟಿಯಾಗಿ ತಳಕ್ಕಿಳಿದು ಅದಾಯಿತು.

ಮೊದಲು ಯಾವುದು, ಅನಂತರ ಯಾವುದು ಎಂದು ಪದರಗಳು ಹೇಳಿದರೂ, ಎಷ್ಟು ವರ್ಷ ಎಂದು ಹೇಳಲಾರವು. ಅದಕ್ಕೆ 1896ರಲ್ಲಿ ಬೆಕೆರೆಲ್ ಕಂಡುಹಿಡಿದ ವಿಕಿರಣಶೀಲತೆ ಬೇಕಾಯಿತು. ಯುರೇನಿಯಂ ತಾನಾಗಿಯೇ ಕ್ರಮೇಣ ಸೀಸವಾಗಿ ಮಾರ್ಪಡುತ್ತದೆ. ಅದರ ಮುಖ್ಯ ಬಗೆಯು ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಬಿಸಿಯಾಗಲಿ ಒತ್ತಡವಾಗಲಿ ಈ ಗತಿಯನ್ನು ಬದಲಿಸುವುದಿಲ್ಲ. ಜಿರ್ಕಾನ್ ಎಂಬ ಚಿಕ್ಕ ಹರಳು ಹುಟ್ಟುವಾಗ ಯುರೇನಿಯಂಗೆ ಎಡೆಕೊಟ್ಟು ಸೀಸವನ್ನು ಹೊರಗಿಡುತ್ತದೆ. ಆದಕಾರಣ ಮುಂದೆ ಅದರಲ್ಲಿ ಕಂಡ ಸೀಸವೆಲ್ಲ ಕಾಲದ ಲೆಕ್ಕವೇ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳದೆಂದು ಹೇಳುವುದು ಇಂತಹ ಅಳತೆಯ ಬಲದಿಂದ. ಪದರದ ಕ್ರಮ, ಪಳೆಯುಳಿಕೆಯ ಕ್ರಮ, ಹರಳಿನ ಗಡಿಯಾರ: ಒಂದನ್ನೊಂದು ಕೇಳದ ಈ ಮೂರು ಸಾಕ್ಷಿಗಳು ಒಂದೇ ಮಾತನ್ನು ನುಡಿಯುವುದರಿಂದಲೇ ಇದು ಊಹೆಯಲ್ಲ, ನಿರ್ಣಯ.

ಆದರೆ ಈ ಸಾಕ್ಷಿಗೆ ಒಂದು ನಿಬಂಧನೆಯಿದೆ. ಕಲ್ಲು ತಾನಿದ್ದ ಸ್ಥಳದಲ್ಲಿದ್ದಾಗ ಮಾತ್ರ ಪೂರ್ಣವಾಗಿ ಮಾತನಾಡುತ್ತದೆ. ಯಾವ ಪದರದ ಮೇಲೆ, ಯಾವುದರ ಕೆಳಗೆ ಇತ್ತೆಂಬುದು ಮರೆತುಹೋದರೆ, ಊರು ತಪ್ಪಿದ ಶಾಸನದಂತೆ ಅದರ ಅರ್ಧ ಅರ್ಥ ನಷ್ಟವಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಸಮೀಪದಲ್ಲಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು 1874ರಲ್ಲಿ ವರ್ಣಿಸಿ ಪ್ರಕಟಿಸಿದರು. ಇಂದು ಖಡ್ಗಮೃಗವನ್ನು ಕಾಣಲು ಅಸ್ಸಾಮಿನವರೆಗೆ ಹೋಗಬೇಕಾದ ನಮಗೆ, ಬೆಳಗಾವಿ ಸೀಮೆಯಲ್ಲಿಯೇ ಅದು ಒಮ್ಮೆ ಮೇಯುತ್ತಿತ್ತೆಂದು ತಿಳಿದುದು, ಆ ಎಲುಬುಗಳು ದೊರೆತ ಸ್ಥಳ ದಾಖಲಾಗಿ ಉಳಿದುದರಿಂದ. ಅದೇ ಎಲುಬುಗಳು ಕುತೂಹಲದ ವಸ್ತುವಾಗಿ ಯಾರದೋ ಮನೆಯ ಗೂಡು ಸೇರಿದ್ದರೆ ಆ ಅಧ್ಯಾಯವೇ ನಮಗೆ ದಕ್ಕುತ್ತಿರಲಿಲ್ಲ.

ಕಲ್ಲು ನಮಗೆ ಬೇಕು; ಮನೆಗೆ, ರಸ್ತೆಗೆ, ಗುಡಿಗೆ ಬೇಕು. ಐಹೊಳೆ, ಪಟ್ಟದಕಲ್ಲುಗಳ ಶಿಲ್ಪಿಗಳೂ ಅಲ್ಲಿಯ ಮರಳುಗಲ್ಲನ್ನೇ ಕಡಿದರು. ಆದರೆ ಉಳಿಯಿಂದ ಕಡಿಯುವ ಕಾಲ ಹೋಗಿ, ಒಂದು ಗುಡ್ಡವನ್ನೇ ಕೆಲವು ವರ್ಷಗಳಲ್ಲಿ ಜಲ್ಲಿ ಮಾಡುವ ಯಂತ್ರಗಳ ಕಾಲ ಬಂದಿದೆ. ಸುಟ್ಟ ಗ್ರಂಥಕ್ಕೆ ಬೇರೆಡೆ ಪ್ರತಿಯಿರಬಹುದು. ಪುಡಿಯಾದ ಬಂಡೆಗೆ ಪ್ರತಿಯಿಲ್ಲ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಶಿಲೆಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ಮಾತ್ರ ಹೀಗೆ ಉಂಡೆಯಾಗುತ್ತದೆ. ಬಯಲುಸೀಮೆಯ ಆ ಒಣನೆಲ ಒಮ್ಮೆ ನೀರಿನ ತಳವಾಗಿತ್ತೆಂದು ಹೇಳುವ ಸಾಕ್ಷಿ ಅದು. ಲಾಲ್‌ಬಾಗಿನ ಬಂಡೆಯಂತೆ ಅದನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಸ್ಮಾರಕವೆಂಬ ಫಲಕವಿಲ್ಲದ ಎಷ್ಟೋ ಶಿಲೆಗಳು ನಮ್ಮ ಊರೂರುಗಳಲ್ಲಿವೆ. ಅವನ್ನು ಕಾಯುವವರು ಊರಿನವರೇ.

ಆದುದರಿಂದ ಗೃಹಸ್ಥರಲ್ಲಿ ಒಂದೆರಡು ವಿನಂತಿ. ಬಾವಿ ತೋಡುವಾಗ, ಕೆರೆಯ ಹೂಳೆತ್ತುವಾಗ, ಹಳ್ಳದ ದಂಡೆ ಕುಸಿದಾಗ ಎಲುಬಿನಂಥ ಕಲ್ಲು, ಚಿಪ್ಪು, ಎಲೆಯ ಅಚ್ಚು ಕಂಡರೆ ಕಿತ್ತು ತರಬೇಡಿರಿ. ಎಷ್ಟು ಆಳದಲ್ಲಿ, ಯಾವ ಮಣ್ಣಿನ ನಡುವೆ ಇದೆಯೆಂದು ಬರೆದಿಟ್ಟು, ಸಾಧ್ಯವಾದರೆ ಚಿತ್ರ ತೆಗೆದು, ಭೂವಿಜ್ಞಾನ ಕಲಿಸುವ ಸಮೀಪದ ಕಾಲೇಜಿಗೆ ತಿಳಿಸಿರಿ. ಬಾದಾಮಿಗೆ ಹೋದಾಗ ಮಕ್ಕಳಿಗೆ ಮೂರ್ತಿಗಳನ್ನು ತೋರಿಸಿದ ಮೇಲೆ, ಆ ಗೋಡೆಗಳ ಮರಳುಪದರಗಳನ್ನೂ ತೋರಿಸಿರಿ. ಶಿಲ್ಪಿಯ ಕೈಯ ಕೆಲಸಕ್ಕೆ ಸಾವಿರದ ನಾನ್ನೂರು ವರ್ಷಗಳಾಗಿವೆ. ಅದರ ಹಿಂದಿನ ಕಲ್ಲಿಗೆ ಕೋಟಿ ಕೋಟಿ ವರ್ಷಗಳು. ಎರಡನ್ನೂ ಒಂದೇ ನೋಟದಲ್ಲಿ ಕಂಡ ಮಗು ಕಲ್ಲನ್ನು ಬರಿಯ ಕಲ್ಲೆಂದು ಎಣಿಸಲಾರದು.