ಪಹಣಿಯಾಚೆಗೂ ಇದೆ ಜಮೀನಿನ ಪೂರ್ವಾಪರ

ಹಳ್ಳಿಯಲ್ಲಿ ಜಮೀನು ಕೊಳ್ಳುವ ನಗರವಾಸಿಗಳು ಸಾಮಾನ್ಯವಾಗಿ ಪಹಣಿ ಹಾಗೂ ಋಣಭಾರ ಪ್ರಮಾಣಪತ್ರ ನೋಡಿ ತೃಪ್ತರಾಗುತ್ತಾರೆ. ಇವೆರಡೇ ಸಾಲವು. ಪಹಣಿಯು ಇಂದಿನ ಹಕ್ಕುದಾರರನ್ನು ಹೆಸರಿಸುತ್ತದೆ. ಋಣಭಾರ ಪತ್ರವು ಕೋರಿದ ಅವಧಿಯಲ್ಲಿ ನೋಂದಣಿಯಾದ ವ್ಯವಹಾರಗಳನ್ನಷ್ಟೇ ತಿಳಿಸುತ್ತದೆ.

ಆ ಭೂಮಿ ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರದಿಂದ ಮಂಜೂರಾಗಿದ್ದರೆ, 1978ರ ಪಿಟಿಸಿಎಲ್ ಕಾಯ್ದೆ ಜಾರಿಯಾದ ನಂತರ ಪೂರ್ವಾನುಮತಿಯಿಲ್ಲದೆ ನಡೆದ ಮಾರಾಟ, ನೋಂದಣಿಯಾಗಿದ್ದರೂ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಇಂತಹ ಅರ್ಜಿಗೆ ಕಾಲಮಿತಿ ಅನ್ವಯಿಸದೆಂದು 2023ರ ತಿದ್ದುಪಡಿ ಹೇಳುತ್ತದೆ.

ಆದ್ದರಿಂದ ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಮಂಜೂರಾತಿ ಕಡತ, ಸಾಗುವಳಿ ಚೀಟಿ, ಕೈಬರಹದ ಹಳೆಯ ಪಹಣಿ ಹಾಗೂ ಮ್ಯುಟೇಷನ್ ವಹಿಯ ದೃಢೀಕೃತ ನಕಲುಗಳನ್ನು ಪಡೆದು ಪರಿಶೀಲಿಸಿದ ಬಳಿಕವೇ ಮುಂಗಡ ನೀಡುವುದು ಕ್ಷೇಮ.