ಬಂಡೆಯ ವಯಸ್ಸು, ನೋಟ್‌ಬುಕ್ಕಿನ ಸಾಕ್ಷಿ

ಹಾಸನ ಜಿಲ್ಲೆಯ ಗೊರೂರಿನ ಆಸುಪಾಸಿನ ನೈಸ್ (gneiss) ಎಂಬ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಇಂಥ ಸಂಖ್ಯೆ ಓದಿದಾಗ, ಕಲ್ಲನ್ನು ಯಂತ್ರಕ್ಕೆ ಕೊಟ್ಟರೆ ವಯಸ್ಸು ಬಂದುಬಿಡುತ್ತದೆ ಅನ್ನಿಸಬಹುದು. ಆದರೆ ಯಾವ ಕಲ್ಲು, ಎಲ್ಲಿಂದ, ಯಾಕೆ ಅನ್ನುವುದೆಲ್ಲ ತೀರ್ಮಾನವಾಗುವುದು ಬಂಡೆಯ ಮೇಲೆ, ಬಿಸಿಲಲ್ಲಿ. ಭೂವಿಜ್ಞಾನದಲ್ಲಿ ಪಿಎಚ್‌.ಡಿ. ಅಂದರೆ ನನ್ನ ಮಟ್ಟಿಗೆ ಮೊದಲು ಅದೇ.

ಎಂ.ಎಸ್ಸಿ. ಮುಗಿಸಿ, ನೆಟ್ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಒಟ್ಟು ಐದು ವರ್ಷ. ಅದರಲ್ಲೂ ಮಳೆಗಾಲದಲ್ಲಿ ಬಂಡೆಗೆ ಪಾಚಿ, ಹೊಲದ ತುಂಬ ಪೈರು. ಫೀಲ್ಡಿಗೆ ಒದಗುವುದು ಸುಗ್ಗಿಯ ನಂತರದ ಕೆಲವೇ ತಿಂಗಳು.

ಹೆಗಲಚೀಲದಲ್ಲಿ ಟೋಪೋಶೀಟ್, ಬ್ರಂಟನ್ ದಿಕ್ಸೂಚಿ, ಸುತ್ತಿಗೆ, ಕೈಮಸೂರ. ರಾಮನಗರದ ಕಡೆ ಸಿಗುವುದು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹೆಸರು ಕ್ಲೋಸ್‌ಪೇಟೆಯಿಂದ ರಾಮನಗರವಾಗಿ ಬದಲಾದರೂ ಹಳೆಯದು ಕಲ್ಲಿಗೆ ಉಳಿದಿದೆ. ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು ದೀರ್ಘವಾಗಿ ಅಧ್ಯಯನ ಮಾಡಿದ ಶಿಲೆ ಇದು. ಇದರ ಗುಲಾಬಿ ಎಳೆಗಳು ಬೂದುಬಣ್ಣದ ನೈಸಿನೊಳಗೆ ನುಗ್ಗಿವೆ. ಕೆಲವೆಡೆ ನೈಸಿನ ತುಂಡುಗಳೇ ಗ್ರಾನೈಟಿನಲ್ಲಿ ಸಿಕ್ಕಿಕೊಂಡಿವೆ. ಸೀಳಿಕೊಂಡು ಬಂದದ್ದು ಕಿರಿಯದು, ಸೀಳಿಸಿಕೊಂಡದ್ದು ಹಿರಿಯದು. ಇಷ್ಟು ತಿಳಿಯಲು ಯಂತ್ರ ಬೇಡ, ಕಣ್ಣು ಸಾಕು.

ಯಂತ್ರದ ಸರದಿ ಆಮೇಲೆ. ಕಿಲೋಗಟ್ಟಲೆ ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ಭಾರದ್ರವದಲ್ಲೂ ಆಯಸ್ಕಾಂತದಲ್ಲೂ ಬೇರ್ಪಡಿಸಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಜಿರ್ಕಾನ್ ಹರಳುಗಳನ್ನು ಒಂದೊಂದಾಗಿ ಆರಿಸಬೇಕು. 0.1 ಮಿಲಿಮೀಟರ್ ಆಸುಪಾಸಿನ ಹರಳು. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಒಳಗಿನ ಯುರೇನಿಯಂ ನಿಧಾನವಾಗಿ ಸೀಸವಾಗುತ್ತ ಹೋಗುತ್ತದೆ; ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಈಗ ಹರಳಿನಲ್ಲಿ ಎಷ್ಟು ಯುರೇನಿಯಂ, ಎಷ್ಟು ಸೀಸ ಇದೆಯೆಂದು ಅಳೆದರೆ ವಯಸ್ಸು ಸಿಗುತ್ತದೆ.

ತೊಡಕು ಶುರುವಾಗುವುದೇ ಇಲ್ಲಿ. ಹರಳನ್ನು ಅರೆದು ನಯಗೊಳಿಸಿ ಎಲೆಕ್ಟ್ರಾನ್ ಕಿರಣ ಬಿಟ್ಟರೆ ಎಷ್ಟೋ ಸಲ ನಡುವೆ ಒಂದು ತಿರುಳು, ಸುತ್ತ ಬೇರೆ ಪದರ ಕಾಣುತ್ತದೆ. ತಿರುಳಿಗೆ 320 ಕೋಟಿ, ಪದರಕ್ಕೆ 250 ಕೋಟಿ ಬಂತೆನ್ನಿ. ಬಂಡೆಯ ವಯಸ್ಸು ಯಾವುದು? ತಿರುಳು ಇನ್ನೂ ಹಳೆಯ ಶಿಲೆಯಿಂದ ಬಂದು ಸೇರಿದ್ದೇ, ಪದರ ನಂತರದ ಕಾವಿಗೆ ಬೆಳೆದದ್ದೇ? ಯಂತ್ರ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಮಾದರಿ ತೆಗೆದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಗ್ರಾನೈಟಿನ ಎಳೆ ಹಾದುಹೋಗಿತ್ತೇ ಎಂಬುದನ್ನು ಫೀಲ್ಡ್ ನೋಟ್‌ಬುಕ್ಕೇ ಹೇಳಬೇಕು.

ಆದ್ದರಿಂದ, ಬೇಗ ಪೇಪರ್ ಪ್ರಕಟಿಸುವ ಒತ್ತಡಕ್ಕೆ ಫೀಲ್ಡ್ ದಿನಗಳನ್ನು ಕತ್ತರಿಸುವುದನ್ನು ನಾನು ಒಪ್ಪಲಾರೆ. ಬಂಡೆಗಳೂ ಕಾದು ಕೂರುವುದಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ರಕ್ಷಣೆಯಿದೆ; ಹಳ್ಳಿಯಂಚಿನ ಬಂಡೆಗಳಿಗೆ ಇಲ್ಲ. ಕ್ವಾರಿ ಒಡೆದಾಗ ಮಾಸದ ಹೊಸ ಮುಖ ಕಾಣುತ್ತದೆ ನಿಜ, ಆದರೆ ಮುಂದಿನ ಸಲ ಹೋಗುವಷ್ಟರಲ್ಲಿ ಅದು ಜಲ್ಲಿಯಾಗಿರುತ್ತದೆ. ವಿಭಾಗಗಳು ಜೀಪಿಗೆ, ಡೀಸೆಲ್‌ಗೆ, ಹಳ್ಳಿಗಳಲ್ಲಿ ವಿದ್ಯಾರ್ಥಿನಿಯರ ಸುರಕ್ಷಿತ ವಸತಿಗೆ ಮೊದಲು ಹಣ ತೆಗೆದಿಡಲಿ. ವೈವಾದಲ್ಲಿ ಪರೀಕ್ಷಕರು ಗ್ರಾಫ್ ಕೇಳುವ ಮುಂಚೆ, ಕೈಯಾರೆ ಬರೆದ ನಕ್ಷೆಯನ್ನು ಮೇಜಿನ ಮೇಲೆ ಹರಡಲು ಹೇಳಲಿ.